ಮೂಡಲಪಾಯದ ಆಟವೂ ಮುಖವೀಣೆಯೂ

ಯಕ್ಷಗಾನವೆಂಬ ಶಬ್ದವು ಕಿವಿಗೆ ಬಿದ್ದೊಡನೆ ಕನ್ನಡ ನಾಡಿನ ವಿದ್ಯಾವಂತರ ಮನಸ್ಸಿನಲ್ಲಿ ಮೊಳಗುವುದು ಪಡುವಣ ಸಮುದ್ರತೀರದ ಚಂಡೆಯ ಧ್ವನಿ. ಅದು ಸಹಜವೇ ಸರಿ. ಆ ಪ್ರಾಂತದ ಆಟಕ್ಕೆ ಶಿವರಾಮ ಕಾರಂತರಂತಹ ವಿದ್ವಾಂಸರು ದೊರೆತರು, ಅವರ ‘ಯಕ್ಷಗಾನ ಬಯಲಾಟ’ವೆಂಬ ಗ್ರಂಥಕ್ಕೆ ೧೯೫೯ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಸಂದಿತು, ಅಲ್ಲಿಯ ಮೇಳಗಳು ದೇಶಾಂತರಗಳಲ್ಲಿ ಸಂಚರಿಸಿ ಕೀರ್ತಿಯನ್ನು ಗಳಿಸಿದುವು. ಘಟ್ಟದ ಮೇಲಿನ ಸೀಮೆಯಲ್ಲಿ, ಎಂದರೆ ತುಮಕೂರು, ಹಾಸನ, ಮಂಡ್ಯ, ಮೈಸೂರು ಮೊದಲಾದ ಪ್ರಾಂತಗಳಲ್ಲಿ, ಅದೇ ಯಕ್ಷಗಾನದ ಮತ್ತೊಂದು ಶಾಖೆಯು ಮೂಡಲಪಾಯವೆಂಬ ಹೆಸರಿನಿಂದ ಬೆಳೆದು ಬಂದಿರುವುದನ್ನು ಬಲ್ಲವರು ಬಲ್ಲರು. ಬಲ್ಲವರೂ ಅದನ್ನು ಕುರಿತು ಮಾತನಾಡುವಾಗ, ಬಡ ನೆಂಟನ ಪ್ರಸ್ತಾಪವೆತ್ತಿದಂತೆ, ಸ್ವಲ್ಪ ಸಂಕೋಚದಿಂದಲೇ ಮಾತನಾಡುವರು. ಹಳ್ಳಿಯವರಿಗಾದರೋ ಈ ಶಾಸ್ತ್ರೀಯ ನಾಮಧೇಯಗಳೊಂದೂ ಬೇಕಿಲ್ಲ. ಅವರು ಅದನ್ನು ‘ಆಟ’ವೆಂದು ಮಾತ್ರವೇ ಕರೆಯುವರು.

ಈ ಆಟವನ್ನು ಕುರಿತ ಬರೆವಣಿಗೆಗಳಲ್ಲಿ ಒಂದು ವಿಚಿತ್ರವು ಕಂಡುಬರುವುದು. ಕಿರೀಟ, ಭುಜಕೀರ್ತಿ, ಎದೆಹಾರಗಳ ವರ್ಣನೆಗೆ ಪುಟಗಟ್ಟಲೆ ಸ್ಥಳವುಂಟು. ಸಾರಥಿಯ ಪ್ರಶ್ನೋತ್ತರಕ್ಕೂ ಹನುಮನಾಯಕನ ಹಾಸ್ಯಕ್ಕೂ ಸ್ಥಳವುಂಟು. ‘ಕರಿಭಂಟನ ಕಾಳಗ’ ಮೊದಲಾದ ಪ್ರಸಂಗಗಳ ಕರ್ತೃ, ಕಾಲ, ಪಾಠಾಂತರಗಳ ಚರ್ಚೆಗೂ ಸ್ಥಳವುಂಟು. ಸಂಗೀತದ ಸರದಿ ಬಂದಾಗ ಮಾತ್ರ, ಹಿಮ್ಮೇಳದಲ್ಲಿ ಮದ್ದಳೆ ತಾಳ ಮುಖವೀಣೆಗಳಿರುವುವೆಂಬ ಅರ್ಥದ ಒಂದೇ ವಾಕ್ಯದಿಂದ ವಿಷಯವು ಮುಗಿದುಹೋಗುವುದು. ಹಬ್ಬದೂಟವನ್ನು ವರ್ಣಿಸಲು ಹೊರಟವನು ಎಲೆಯ ಅಂಚನ್ನೂ ಪಂಕ್ತಿಯ ಸಾಲನ್ನೂ ಬಣ್ಣಿಸಿ, ಸಾರಿಗೆ ಉಪ್ಪು ಹಾಕಿದ್ದರೆಂದು ಹೇಳಿ ಕೈ ತೊಳೆದುಕೊಂಡಂತಾಯಿತು ಇದು. ಹೀಗೆ ಒಂದು ವಾಕ್ಯಕ್ಕೆ ಇಳಿದುಹೋಗಿರುವ ಮುಖವೀಣೆಯೇ ಆ ಆಟದ ಉಸಿರು. ಅದರ ಸ್ಥಾನದಲ್ಲಿ ಹಾರ್ಮೋನಿಯಂ ಬಂದು ಕುಳಿತಾಗ ಬದಲಾಗುವುದು ವಾದ್ಯ ಮಾತ್ರವಲ್ಲ, ಆಟದ ಸ್ವರೂಪವೇ ಬದಲಾಗುವುದು. ಇದು ಹೇಗೆಂಬುದನ್ನು ಸ್ವಲ್ಪ ವಿಚಾರಿಸಬೇಕಾಗಿದೆ.

ಮುಖವೀಣೆಯೆಂಬ ಹೆಸರು ಮೊದಲ ಸಲ ಕೇಳುವವನನ್ನು ದಾರಿತಪ್ಪಿಸುವಂತಹದು. ಇದರಲ್ಲಿ ತಂತಿಯಿಲ್ಲ, ಬುರುಡೆಯಿಲ್ಲ, ಮೆಟ್ಟಿಲುಗಳಿಲ್ಲ. ತತ, ಅವನದ್ಧ, ಘನ, ಸುಷಿರಗಳೆಂದು ಭರತಮುನಿಯು ವಾದ್ಯಗಳನ್ನು ನಾಲ್ಕಾಗಿ ವಿಂಗಡಿಸಿರುವನಷ್ಟೆ. ವೀಣೆಯು ಮೊದಲನೆಯ ವರ್ಗಕ್ಕೂ ಮುಖವೀಣೆಯು ಕಡೆಯ ವರ್ಗಕ್ಕೂ ಸೇರಿದುವು. ನಾಗಸ್ವರದ ತಮ್ಮನೆಂದರೆ ಇದರ ರೂಪವು ಗೊತ್ತಾಗುವುದು. ಒಂದೂವರೆ ಗೇಣಿನ ಆಸುಪಾಸಿನ, ತುದಿಯತ್ತ ಅಗಲವಾಗುತ್ತ ಹೋಗುವ ಮರದ ಕೊಳವೆ. ಮೈಮೇಲೆ ಬೆರಳುಗಳಿಗೆ ತೂತುಗಳು. ಬಾಯಿಯ ಬಳಿ ಜೊಂಡಿನ ಎರಡು ಪದರಗಳ ಪುಟ್ಟ ಪೀಪಿ. ಹದಿಮೂರನೆಯ ಶತಮಾನದ ಶಾರ್ಙ್ಗದೇವನು ‘ಸಂಗೀತರತ್ನಾಕರ’ದಲ್ಲಿ ಮಧುಕರಿಯೆಂಬ ಸುಷಿರವಾದ್ಯವನ್ನು ಹೇಳಿರುವನು, ಮುಖವೀಣೆಯನ್ನು ಆ ಕುಲದ್ದೆಂದು ಎಣಿಸಿದರೆ ತಪ್ಪಾಗಲಾರದು. ನೆರೆಯ ತಮಿಳು ಸೀಮೆಯ ತೆರುಕ್ಕೂತ್ತಿನಲ್ಲಿಯೂ ವೇಷಧಾರಿಯ ಹಿಂದೆ ನುಡಿಯುವುದು ಇದೇ ವಾದ್ಯ. ಹತ್ತೊಂಬತ್ತನೆಯ ಶತಮಾನದಲ್ಲಿ ದಕ್ಷಿಣದ ಆಸ್ಥಾನಗಳಲ್ಲಿಯೂ ದೇವಾಲಯಗಳಲ್ಲಿಯೂ ನಡೆಯುತ್ತಿದ್ದ ಸದಿರ್ ನೃತ್ಯದಲ್ಲಿ ನರ್ತಕಿಯ ಬೆನ್ನ ಹಿಂದೆ ನಿಂತು ನುಡಿಸುತ್ತಿದ್ದ ವಾದ್ಯಗಳಲ್ಲಿಯೂ ಇದು ಒಂದಾಗಿತ್ತು. ಅಲ್ಲಿ ಕ್ಲಾರಿಯೊನೆಟ್ಟು ಬಂದು ಇದನ್ನು ಹೊರದೂಡಿತು. ಹೀಗಿರಲು ಇದನ್ನು ಜಾತ್ರೆಯಲ್ಲಿ ಮಾರುವ ಮಕ್ಕಳ ಪೀಪಿಯ ಸಾಲಿಗೆ ಸೇರಿಸಿ ಮಾತನಾಡುವವರ ಪಾಂಡಿತ್ಯವನ್ನು ಏನೆನ್ನಬೇಕು?

ಇನ್ನು ಆಟದಲ್ಲಿ ಇದರ ವ್ಯಾಪಾರವೇನೆಂಬುದು ಪ್ರಕೃತ. ಸುಗ್ಗಿ ಮುಗಿದು ಕಣವು ಬರಿದಾದ ಮೇಲೆ, ಊರ ಮುಂದಿನ ಬಯಲಿನಲ್ಲಿ ಚಪ್ಪರ ಹಾಕಿ, ರಾತ್ರಿ ಊಟವಾದ ಬಳಿಕ ತೊಡಗಿದ ಆಟವು ಬೆಳಗಿನ ಜಾವದವರೆಗೆ ನಡೆಯುವುದು. ಇಬ್ಬರು ತೆರೆಯನ್ನು ಹಿಡಿದು ನಿಂತಿರುವರು. ತೆರೆಯ ಹಿಂದೆ ಗೆಜ್ಜೆಯ ಸದ್ದು, ಭಾಗವತನ ತಾಳ, ಮದ್ದಳೆಯ ಪೆಟ್ಟು. ಇವೆಲ್ಲಕ್ಕೂ ಮೇಲೆ, ಕತ್ತಲೆಯಲ್ಲಿ ಗೆರೆಯೆಳೆದಂತೆ, ಮುಖವೀಣೆಯ ಒಂದು ಎಳೆ. ತೆರೆ ಸರಿಯುವುದಕ್ಕೆ ಮುಂಚೆಯೇ ಬರಲಿರುವವನು ದೇವತೆಯೋ ರಾಕ್ಷಸನೋ ಎಂಬುದನ್ನು ಅನುಭವಿಗಳಾದ ಪ್ರೇಕ್ಷಕರು ಆ ಎಳೆಯಿಂದಲೇ ಊಹಿಸುವರು. ವೇಷಧಾರಿಯು ಹೊರಬಂದು ಕುಣಿದು, ಸಾರಥಿಯೊಡನೆ ಮಾತನಾಡಿ ತನ್ನ ಬಿರುದಾವಳಿಯನ್ನು ಹೇಳಿಕೊಂಡ ಮೇಲೆ ಪದವು ಬರುವುದು. ಭಾಗವತನು ಎತ್ತಿಕೊಡುವನು, ವೇಷಧಾರಿಯು ದನಿಗೂಡಿಸುವನು, ಹಿಮ್ಮೇಳದವರು ಮರಳಿ ಹಾಡುವರು, ಮುಖವೀಣೆಯು ಈ ಮೂರು ಕಂಠಗಳನ್ನೂ ಒಂದು ದಾರದಲ್ಲಿ ಪೋಣಿಸುತ್ತ ಹೋಗುವುದು.

ಇಲ್ಲಿ ವಿವೇಚಿಸಬೇಕಾದ ಅಂಶವೊಂದುಂಟು. ಆ ವೇಷಧಾರಿಯು ಗಾಯಕನಲ್ಲ, ಹಗಲಿನಲ್ಲಿ ಉಳುವವನು. ತಲೆಯ ಮೇಲೆ ಕಿರೀಟ, ಭುಜಗಳ ಮೇಲೆ ಮರದ ಕೀರ್ತಿಗಳು, ಎದೆಯ ಮೇಲೆ ಹಾರ, ಕಾಲಿಗೆ ಗೆಜ್ಜೆ. ಇಷ್ಟು ಭಾರವನ್ನು ಹೊತ್ತು ಅವನು ನೆಲ ನಡುಗುವಂತೆ ಕುಣಿಯಬೇಕು, ಕುಣಿದು ನಿಂತೊಡನೆ ಹಾಡಬೇಕು. ಮೂರನೆಯ ಸುತ್ತಿಗೆ ಉಸಿರು ಮೇಲಕ್ಕೇರುವುದು; ಪದದ ಕಡೆಯ ಅಕ್ಷರವು ಗಂಟಲಿನಲ್ಲಿಯೇ ಉಳಿಯುವುದು. ಆಗ ಮುಖವೀಣೆಯವನು ಆ ಅಕ್ಷರದ ಸ್ವರವನ್ನು ಕೆಳಗೆ ಬೀಳಗೊಡದೆ ಹಿಡಿದುಕೊಳ್ಳುವನು. ಅವನಿಗೆ ಉಸಿರು ಕಟ್ಟುವುದಿಲ್ಲವೆ? ಕಟ್ಟುವುದಿಲ್ಲ. ಕೆನ್ನೆಯಲ್ಲಿ ಗಾಳಿಯನ್ನು ಕೂಡಿಟ್ಟುಕೊಂಡು, ಅದನ್ನು ಪೀಪಿಗೆ ಒತ್ತುತ್ತಿರುವಾಗಲೇ ಮೂಗಿನಿಂದ ಹೊಸ ಉಸಿರನ್ನು ಸೆಳೆಯುವ ಸಾಧನೆಯು ಅವನಿಗೆ ಉಂಟು. ಸ್ವರಕ್ಕೆ ತುಂಡೆಂಬುದೇ ಇಲ್ಲ. ಅಷ್ಟರಲ್ಲಿ ವೇಷಧಾರಿಯು ಸುಧಾರಿಸಿಕೊಂಡು ಮುಂದಿನ ಸೊಲ್ಲಿಗೆ ಸಿದ್ಧನಾಗುವನು. ಪ್ರೇಕ್ಷಕನಿಗೆ ಕೇಳಿಸಿದುದು ಆಯಾಸಗೊಂಡ ಒಕ್ಕಲಿಗನ ಹಾಡಲ್ಲ, ಎಲ್ಲಿಯೂ ಮುರಿಯದ ಅರ್ಜುನನ ಹಾಡು.

ಭುಜಕೀರ್ತಿಯು ಸಡಿಲವಾಗಿ ಅದನ್ನು ಬಿಗಿದುಕೊಳ್ಳಬೇಕಾದಾಗಲೂ, ಮಾತು ಮರೆತು ತಡವರಿಸಿದಾಗಲೂ ಇದೇ ಉಪಾಯ. ನೋಡುವವರಿಗೆ ಇದು ಹಳ್ಳಿಯವರು ಹೇಗೋ ಕಂಡುಕೊಂಡ ತೇಪೆಯಂತೆ ತೋರಬಹುದು. ಆದರೆ ‘ನಾಟ್ಯಶಾಸ್ತ್ರ’ದ ಧ್ರುವಾಧ್ಯಾಯವನ್ನು ಓದಿದವರಿಗೆ ಬೇರೆಯೇ ತೋರುವುದು. ನಾಟಕದೊಳಗಣ ಗಾನವನ್ನು ಭರತನು ಪ್ರಾವೇಶಿಕೀ, ನೈಷ್ಕ್ರಾಮಿಕೀ, ಆಕ್ಷೇಪಿಕೀ, ಪ್ರಾಸಾದಿಕೀ, ಆಂತರಾ ಎಂದು ಐದು ಬಗೆಯಾಗಿ ವಿಭಾಗಿಸಿರುವನು. ಪಾತ್ರವು ಬರುವಾಗ ಮೊದಲನೆಯದು, ಹೋಗುವಾಗ ಎರಡನೆಯದು. ನಡೆಯುತ್ತಿರುವ ರಸವನ್ನು ತಿರುಗಿಸುವುದಕ್ಕೆ ಮೂರನೆಯದು, ಕದಡಿದ ಮನಸ್ಸನ್ನು ತಿಳಿಗೊಳಿಸುವುದಕ್ಕೆ ನಾಲ್ಕನೆಯದು. ಐದನೆಯದಾದ ಆಂತರೆಯ ಪ್ರಯೋಜನವೇನು? ನಟನು ಕಂಗೆಟ್ಟಾಗ, ಮೂರ್ಛಿತನಾದಾಗ, ತಪ್ಪಿದಾಗ, ವಸ್ತ್ರಾಭರಣಗಳನ್ನು ಸರಿಪಡಿಸಿಕೊಳ್ಳುವಾಗ, ಆ ದೋಷವು ಕಾಣದಂತೆ ಮುಚ್ಚುವುದು. ಭುಜಕೀರ್ತಿಯನ್ನು ಬಿಗಿದುಕೊಳ್ಳುವ ವೇಷಧಾರಿಯನ್ನು ನೋಡಿಯೇ ಮುನಿಯು ಈ ಲಕ್ಷಣವನ್ನು ಬರೆದನೇನೋ ಎಂಬಷ್ಟು ಇದು ಹೊಂದುವುದು. ಸಂಸ್ಕೃತ ನಾಟಕದ ಪ್ರಯೋಗದಲ್ಲಿ ಧ್ರುವಾಗಾನವು ಹೆಚ್ಚು ಕಡಿಮೆ ಗ್ರಂಥಗಳಲ್ಲಿಯೇ ಉಳಿದುಹೋಯಿತು. ಅದರ ಹೆಸರನ್ನೂ ಕೇಳದ ಮುಖವೀಣೆಯವನ ಬಾಯಲ್ಲಿ ಅದರ ಕಾರ್ಯವು ಬದುಕಿತು. ಈತನಿಗೆ ಅದು ಭರತನಿಂದಲೇ ಪರಂಪರೆಯಾಗಿ ಬಂದಿತೆಂದು ಸಾಧಿಸಹೊರಡುವುದು ಅತಿಸಾಹಸವಾದೀತು. ಒಂದೇ ತೊಂದರೆಗೆ ಎರಡು ಕಡೆಯವರೂ ಒಂದೇ ಪರಿಹಾರವನ್ನು ಕಂಡುಕೊಂಡರೆಂದರೆ ಸಾಕು.

ಈ ವಾದ್ಯದ ಮೇಲೆ ಆಕ್ಷೇಪಗಳಿಲ್ಲವೆಂದಲ್ಲ. ಪೂರ್ವಪಕ್ಷಿಗಳು ಮೊದಲು ಹೇಳುವುದು, ಇದರ ಧ್ವನಿಯು ಕರ್ಕಶ, ಕಿವಿಯನ್ನು ಚುಚ್ಚುವುದು ಎಂದು. ಇದರಲ್ಲಿ ಸ್ವಲ್ಪ ಸತ್ಯವುಂಟು. ಪೀಪಿಯು ಹದವಾಗಿಲ್ಲದಿದ್ದರೆ, ತುಟಿಯ ಹಿಡಿತವು ತಪ್ಪಿದರೆ, ಇದಕ್ಕಿಂತ ಅಸಹ್ಯವಾದ ಧ್ವನಿಯು ಮತ್ತೊಂದಿಲ್ಲ. ಅರೆಗಲಿತ ಮುಖವೀಣೆಯವನು ಒಬ್ಬನೇ ಇಡಿಯ ಬಯಲನ್ನು ಬರಿದುಮಾಡಬಲ್ಲನು. ಆದರೆ ಸಮರ್ಥನು ನುಡಿಸಿದಾಗಲೂ ಈ ದೂರು ಕೇಳಿಬರುವುದೇಕೆ? ಕಾರಣವು ವಾದ್ಯದಲ್ಲಿಲ್ಲ, ಅದರ ಮುಂದೆ ತಂದಿರಿಸಿದ ಧ್ವನಿವರ್ಧಕದಲ್ಲಿದೆ.

ಮುಖವೀಣೆಯು ಬಯಲಿಗೆ ಹುಟ್ಟಿದ ವಾದ್ಯ. ದೀವಟಿಗೆಯ ಕಾಲದಲ್ಲಿ, ಸಾವಿರ ಜನರ ಗದ್ದಲದ ನಡುವೆ, ಯಾವ ಯಂತ್ರದ ಸಹಾಯವೂ ಇಲ್ಲದೆ, ಬಯಲಿನ ತುದಿಯಲ್ಲಿ ಕಂಬಳಿ ಹೊದೆದು ಕುಳಿತವನಿಗೂ ಮುಟ್ಟಬೇಕಾಗಿದ್ದ ಧ್ವನಿ ಅದು. ದೂರಕ್ಕೆ ಹೋಗುತ್ತ ಹೋಗುತ್ತ ಅದರ ಮೊನಚು ಸವೆದು ಇಂಪು ಮಾತ್ರ ಉಳಿಯುವುದು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ೧೯೦೨ರಲ್ಲಿಯೇ ವಿದ್ಯುಚ್ಛಕ್ತಿಯು ಹುಟ್ಟಿ ಕೋಲಾರದ ಚಿನ್ನದ ಗಣಿಗಳಿಗೆ ಹರಿದುಹೋಯಿತು. ಪಕ್ಕದ ಹಳ್ಳಿಗಳ ಬಯಲಿಗೆ ಅದು ಬರುವುದಕ್ಕೆ ಬಹುಕಾಲ ಹಿಡಿಯಿತು. ಬಂದಾಗ ತನ್ನೊಡನೆ ಧ್ವನಿವರ್ಧಕವನ್ನೂ ತಂದಿತು. ದೂರಕ್ಕೆ ಕೇಳಿಸಲೆಂದು ಮಾಡಿದ ವಾದ್ಯದ ಬಾಯಿಗೆ ದೂರಕ್ಕೆ ಕೇಳಿಸುವ ಯಂತ್ರವನ್ನು ಹಿಡಿದರೆ ಆಗುವುದೇನು? ಸೂಜಿಯು ಈಟಿಯಾಯಿತು. ಜನರು ವಾದ್ಯವನ್ನು ಬೈದರು, ಯಂತ್ರವನ್ನು ಬೈಯಲಿಲ್ಲ. ಇತ್ತ, ಧ್ವನಿವರ್ಧಕವಿಲ್ಲದೆ ಚಪ್ಪರದ ಆಚೆಗೆ ಕೇಳಿಸಲಾರದಿದ್ದ ಹಾರ್ಮೋನಿಯಂ ಆ ಯಂತ್ರದ ಬಲದಿಂದ ಊರೆಲ್ಲಕ್ಕೂ ಕೇಳಿಸತೊಡಗಿತು. ಮುಖವೀಣೆಯ ಸೋಲಿಗೆ ಸಂಗೀತದ ಗುಣದೋಷಗಳಿಗಿಂತ ತಂತಿಯಲ್ಲಿ ಹರಿದ ಈ ಶಕ್ತಿಯೇ ಹೆಚ್ಚು ಹೊಣೆಯೆಂದು ತೋರುವುದು.

ಹಾಗೆಂದು ಹಾರ್ಮೋನಿಯಮ್ಮನ್ನು ಹಳಿಯುವುದು ಇಲ್ಲಿಯ ಉದ್ದೇಶವಲ್ಲ. ಅದನ್ನು ಹಳಿದವರು ಸಾಕಷ್ಟು ಮಂದಿ ಆಗಿಹೋಗಿರುವರು. ಹತ್ತೊಂಬತ್ತನೆಯ ಶತಮಾನದ ನಡುವಣ ಕಾಲದಲ್ಲಿ ಪ್ಯಾರಿಸ್ಸಿನಲ್ಲಿ ರೂಪುಗೊಂಡ ಈ ವಾದ್ಯವನ್ನು ಭಾರತೀಯ ಸಂಗೀತಕ್ಕೆ ಒಗ್ಗದೆಂದು ಆಕಾಶವಾಣಿಯು ೧೯೪೦ರಿಂದ ಮೂರು ದಶಕಗಳ ಕಾಲ ಹೊರಗಿಟ್ಟಿತ್ತು. ಆಕಾಶವಾಣಿಯು ಹೊರಗಿಟ್ಟರೂ ಹಳ್ಳಿಗಳು ಒಳಗಿಟ್ಟುಕೊಂಡವು. ಮಂಡ್ಯ, ಮದ್ದೂರು, ಮಳವಳ್ಳಿಗಳ ಸುತ್ತಿನಲ್ಲಿ ‘ಕುರುಕ್ಷೇತ್ರ’ ನಾಟಕವನ್ನಾಡದ ಊರು ಅಪರೂಪ. ಗುಬ್ಬಿ ವೀರಣ್ಣನವರ ಕಂಪನಿಯು ಆನೆ ಕುದುರೆಗಳನ್ನು ರಂಗಕ್ಕೆ ತಂದು ಆ ಕಥೆಯನ್ನು ಆಡಿದ ವೈಭವವೂ, ಮಳವಳ್ಳಿ ಸುಂದರಮ್ಮನವರಂತಹ ಗಾಯಕನಟಿಯರ ಕಂಠವೂ ಹಳ್ಳಿಯವರ ಮನಸ್ಸಿನಲ್ಲಿ ಬಿತ್ತಿದ ಆಸೆಯ ಫಲವಿದು. ಈ ನಾಟಕಗಳಲ್ಲಿ ಹಾರ್ಮೋನಿಯಂ ಮೇಷ್ಟರೇ ಗುರು, ಅವರೇ ನಿರ್ದೇಶಕರು, ಮರೆತ ಮಾತನ್ನು ಎತ್ತಿಕೊಡುವವರೂ ಅವರೇ. ದುರ್ಯೋಧನನ ಪಾತ್ರಧಾರಿಗೆ ಕಪ್ಪು ಎರಡು ಬೇಕೆಂದರೆ ಅದನ್ನು ಹಿಡಿಯುವರು. ಕೃಷ್ಣನಿಗೆ ಬಿಳಿ ನಾಲ್ಕು ಬೇಕೆಂದರೆ ಅದನ್ನೂ ಹಿಡಿಯುವರು. ತಿಂಗಳುಗಟ್ಟಲೆ ಹಳ್ಳಿಯಲ್ಲಿದ್ದು, ಸ್ವರಜ್ಞಾನವಿಲ್ಲದ ಗಂಟಲುಗಳಿಂದ ಕಂದಪದ್ಯಗಳನ್ನು ಹೊರಡಿಸುವ ಅವರ ತಾಳ್ಮೆಗೆ ನಮಸ್ಕರಿಸಬೇಕು.

ಆದರೆ ನಾಟಕವು ನಾಟಕ, ಆಟವು ಆಟ. ನಾಟಕದ ಪಾತ್ರಧಾರಿಯು ಧ್ವನಿವರ್ಧಕದ ಮುಂದೆ ನಿಂತು ಹಾಡುವನು. ಆಟದ ವೇಷಧಾರಿಯು ಕುಣಿದು ಹಾಡುವನು. ನಿಂತವನಿಗೆ ಬೇಕಾದುದು ಆಧಾರ. ಕುಣಿಯುವವನಿಗೆ ಬೇಕಾದುದು ಉಸಿರು. ಹಾರ್ಮೋನಿಯಂ ಆಧಾರವನ್ನು ಕೊಡಬಲ್ಲದು, ಕೋಲೂರಿ ನಡೆಯುವವನಿಗೆ ಕೋಲು ಕೊಟ್ಟಂತೆ. ಅದರ ಸ್ವರಗಳು ಮೆಟ್ಟಿಲು ಮೆಟ್ಟಿಲಾಗಿವೆ; ಒಂದರಿಂದ ಇನ್ನೊಂದಕ್ಕೆ ಹಾರಬಹುದೇ ಹೊರತು ಜಾರಲಾಗದು. ಮುಖಾರಿಯ ಶೋಕವಾಗಲಿ ನೀಲಾಂಬರಿಯ ಜೋಗುಳವಾಗಲಿ ಇರುವುದು ಆ ಜಾರಿನಲ್ಲಿಯೇ. ಮುಖವೀಣೆಯವನು ತೂತನ್ನು ಅರ್ಧ ಮುಚ್ಚಿ, ತುಟಿಯನ್ನು ಒಂದಿಷ್ಟು ಬಿಗಿಹಿಡಿದು, ಎರಡು ಸ್ವರಗಳ ನಡುವಣ ನೆಲವನ್ನೆಲ್ಲ ತೋರಿಸಬಲ್ಲನು. ಅಭಿಮನ್ಯುವಿನ ಮರಣವನ್ನು ಕೇಳಿದ ಸುಭದ್ರೆಯ ಪದದಲ್ಲಿ, ಹೆಣ್ಣುವೇಷ ಹಾಕಿದ ರೈತನ ಒರಟು ಕಂಠವು ತಲಪಲಾರದ ಅಳುವನ್ನು ಅವನ ಹಿಂದೆ ನಿಂತ ಮುಖವೀಣೆಯು ಅಳುವುದು. ಅಲ್ಲಿ ಹಾರ್ಮೋನಿಯಂ ಇದ್ದರೆ ಆ ಕಂಠದ ಒರಟುತನವೇ ಎದ್ದು ಕಾಣುವುದು. ಆಟದಿಂದ ಮುಖವೀಣೆಯನ್ನು ತೆಗೆದ ಕಡೆಗಳಲ್ಲಿ ಕುಣಿತವೂ ಬರಬರುತ್ತ ಕಡಮೆಯಾಗಿ ಮಾತು ಬೆಳೆದಿರುವುದು ಆಕಸ್ಮಿಕವಲ್ಲ. ತುಂಬಿಕೊಡುವ ಉಸಿರಿಲ್ಲವೆಂದು ಗೊತ್ತಾದ ಮೇಲೆ ವೇಷಧಾರಿಯು ಕುಣಿಯಲು ಹೆದರುವನು.

ಎರಡನೆಯ ಆಕ್ಷೇಪವು ವಿದ್ವಾಂಸರದು. ಪ್ರಸಂಗದ ಓಲೆಗರಿಗಳಲ್ಲಿಯೂ ಪುಸ್ತಕಗಳಲ್ಲಿಯೂ ಪದದ ತಲೆಯ ಮೇಲೆ ಕಾಂಬೋದಿ, ಸೌರಾಷ್ಟ್ರ, ಭೈರವಿ, ಘಂಟಾರವ ಎಂದು ರಾಗವನ್ನೂ, ಝಂಪೆ, ತ್ರಿಪುಟ, ಅಟ್ಟ ಎಂದು ತಾಳವನ್ನೂ ಬರೆದಿರುವುದು. ಹಾಡುವಾಗ ಕೇಳಿಸುವುದು ಬೇರೆ. ಆದಕಾರಣ ಇದು ಕೆಟ್ಟುಹೋದ ಸಂಗೀತವೆಂದು ಅವರ ತೀರ್ಪು. ಸಂಗೀತ ಕಚೇರಿಯ ಕಾಂಬೋಜಿಯನ್ನು ಅಳತೆಗೋಲಾಗಿ ಹಿಡಿದು ಆಟದ ಕಾಂಬೋದಿಯನ್ನು ಅಳೆದರೆ ಹೀಗೆಯೇ ತೋರುವುದು. ಲಕ್ಷ್ಯವು ಮುಂದೆ, ಲಕ್ಷಣವು ಹಿಂದೆ ಎಂಬುದು ಎಲ್ಲ ಶಾಸ್ತ್ರಗಳಿಗೂ ಸಮ್ಮತವಾದುದಷ್ಟೆ. ಪಾಣಿನಿಯು ಆಡುನುಡಿಯನ್ನು ನೋಡಿ ಸೂತ್ರಗಳನ್ನು ಮಾಡಿದನು. ಸೂತ್ರಗಳನ್ನು ನೋಡಿ ಜನರು ಮಾತನಾಡಲು ಕಲಿಯಲಿಲ್ಲ. ವೆಂಕಟಮಖಿಯು ಹದಿನೇಳನೆಯ ಶತಮಾನದಲ್ಲಿ ಎಪ್ಪತ್ತೆರಡು ಮೇಳಗಳ ಕೋಷ್ಠಕವನ್ನು ಕಟ್ಟಿದ ಮೇಲೆ, ಅನಂತರದ ವಾಗ್ಗೇಯಕಾರರ ಕೈಯಲ್ಲಿ, ಕಚೇರಿಯ ರಾಗಗಳು ಇಂದಿನ ರೂಪವನ್ನು ತಾಳಿದುವು. ಆ ಪ್ರವಾಹಕ್ಕೆ ಸಿಕ್ಕದೆ ಬಯಲಿನಲ್ಲಿಯೇ ಉಳಿದ ರಾಗಗಳು ಹಳೆಯ ರೂಪವನ್ನು ಸ್ವಲ್ಪವಾದರೂ ಉಳಿಸಿಕೊಂಡಿರಲಾರವೆ? ಉಳಿಸಿಕೊಂಡಿರಬಹುದು, ಕೆಟ್ಟಿರಲೂಬಹುದು. ಎರಡರಲ್ಲಿ ಯಾವುದೆಂಬುದನ್ನು ತೀರ್ಮಾನಿಸಲು ಧ್ವನಿಯ ಸಾಕ್ಷ್ಯವು ಬೇಕು, ಓಲೆಗರಿಯ ಸಾಕ್ಷ್ಯವು ಸಾಲದು. ಸಾಕ್ಷಿಯನ್ನು ಕರೆಯದೆ ಶಿಕ್ಷೆ ವಿಧಿಸುವುದು ಯಾವ ಧರ್ಮಶಾಸ್ತ್ರದಲ್ಲಿದೆಯೋ!

ಆಟವೇ ಕಡಮೆಯಾಗಿರುವಾಗ ಆಟದ ವಾದ್ಯಕ್ಕಾಗಿ ಇಷ್ಟು ಮಾತೇಕೆ ಎಂದು ಕೆಲವರು ಕೇಳಬಹುದು. ಈ ಸೀಮೆಯಲ್ಲಿ ಆಟವು ಕಡಮೆಯಾದುದಕ್ಕೆ ನೀರೂ ಒಂದು ಕಾರಣವೆಂದು ಊಹಿಸಲು ಎಡೆಯುಂಟು. ಕನ್ನಂಬಾಡಿ ಕಟ್ಟೆಯ ನೀರು ಮೊದಲು ಇರ್ವಿನ್ ನಾಲೆಯೆಂದೂ ಆಮೇಲೆ ವಿಶ್ವೇಶ್ವರಯ್ಯ ನಾಲೆಯೆಂದೂ ಹೆಸರಾದ ಕಾಲುವೆಯಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಿಗೆ ಹರಿಯಿತು. ೧೯೩೩ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆಯು ಸ್ಥಾಪಿತವಾಯಿತು. ೧೯೩೯ರಲ್ಲಿ ಮಂಡ್ಯವು ಪ್ರತ್ಯೇಕ ಜಿಲ್ಲೆಯಾಯಿತು. ರಾಗಿಯ ಹೊಲವು ಕಬ್ಬಿನ ಗದ್ದೆಯಾಯಿತು. ರಾಗಿಯ ಸುಗ್ಗಿ ಮುಗಿದರೆ ತಿಂಗಳುಗಟ್ಟಲೆ ಬಿಡುವು. ಆ ಬಿಡುವಿನಲ್ಲಿಯೇ ಹಿಂದೆ ಭಾಗವತನು ಹಳ್ಳಿಗೆ ಬಂದು ಆಟವನ್ನು ಕಲಿಸುತ್ತಿದ್ದುದು. ಕಬ್ಬಿಗೂ ಭತ್ತಕ್ಕೂ ಅಂತಹ ಬಿಡುವಿಲ್ಲ. ಅವುಗಳಿಂದ ಬರುವುದು ಹಣ. ಹಣವುಳ್ಳ ಊರು ಸೀನರಿಯನ್ನೂ ವೇಷಭೂಷಣವನ್ನೂ ಬಾಡಿಗೆಗೆ ತಂದು ನಾಟಕವಾಡಬಲ್ಲದು. ನಾಲೆಯ ನೀರು ಕಾಣದ ನಾಗಮಂಗಲದ ಬೆದ್ದಲು ಹಳ್ಳಿಗಳಲ್ಲಿ ಆಟವು ಹೆಚ್ಚು ಕಾಲ ನಿಂತಿತೆಂಬುದನ್ನು ಇದರೊಡನೆ ಇಟ್ಟು ನೋಡಬೇಕು. ನೀರು ಬಂದುದು ತಪ್ಪೆಂದು ಹೊಟ್ಟೆ ತುಂಬಿದವರು ಹೇಳುವ ಮಾತಲ್ಲ. ಬದಲಾವಣೆಯ ಬಗೆ ಹೀಗಾಯಿತೆಂಬುದಷ್ಟೆ ಇಲ್ಲಿ ಪ್ರಕೃತ.

ಆಟವಿಲ್ಲದ ಕಡೆ ಆಟದ ಸಂಗೀತಕ್ಕೆ ಬೆಲೆಯುಂಟೆ? ಇದಕ್ಕೆ ಉತ್ತರವು ನಿರೀಕ್ಷಿಸದ ದಿಕ್ಕಿನಿಂದ ಬರುವುದು. ಇಂದಿನ ಮಕ್ಕಳು ಕೈಯಲ್ಲಿ ಹಿಡಿದ ದೂರವಾಣಿಯ ಪುಟ್ಟ ತೆರೆಯ ಮೇಲೆ ಆಟವಾಡುವುದನ್ನು ಕಂಡು ಹಿರಿಯರು ಗದರಿಸುವರು. ಆ ವಿಡಿಯೋ ಆಟಗಳಿಗೂ ಹಿಮ್ಮೇಳವುಂಟೆಂಬುದನ್ನೂ, ಆಟವನ್ನು ಮರೆತ ಮೇಲೂ ಆ ಹಿಮ್ಮೇಳವನ್ನು ಮಕ್ಕಳು ಗುನುಗುತ್ತಿರುವರೆಂಬುದನ್ನೂ ಅವರು ಗಮನಿಸುವುದಿಲ್ಲ. ಜಪಾನಿನಲ್ಲಿ ೧೯೮೬ರಲ್ಲಿ ಹೊರಬಂದ ‘ಡ್ರ್ಯಾಗನ್ ಕ್ವೆಸ್ಟ್’ ಎಂಬ ಆಟಕ್ಕೆ ಕೋಯಿಚಿ ಸುಗಿಯಾಮರು ರಚಿಸಿದ ಸಂಗೀತವನ್ನು ಅಲ್ಲಿಯ ದೊಡ್ಡ ವಾದ್ಯವೃಂದಗಳು ಸಭೆಗಳಲ್ಲಿ ನುಡಿಸಿದುವು; ೨೦೨೧ರಲ್ಲಿ ಟೋಕಿಯೋ ನಗರದ ಒಲಿಂಪಿಕ್ ಕ್ರೀಡೋತ್ಸವದ ಆರಂಭದಲ್ಲಿ ಸಕಲ ದೇಶಗಳ ಕ್ರೀಡಾಪಟುಗಳು ಮೆರವಣಿಗೆ ಬಂದುದು ಇಂತಹ ಆಟಗಳ ಸಂಗೀತಕ್ಕೆ ಹೆಜ್ಜೆ ಹಾಕಿಯೇ. ಮಕ್ಕಳ ಆಟದ ಹಿಮ್ಮೇಳವೆಂದು ಅಲ್ಲಿಯವರು ನಾಚಲಿಲ್ಲ. ಆ ಸಂಗೀತವು ಆಟದಿಂದ ಹೊರಗೆ ಬಂದು ತನ್ನ ಕಾಲ ಮೇಲೆ ನಿಲ್ಲುವುದಕ್ಕೆ ಸಾಧ್ಯವಾದುದು ಏಕೆಂದರೆ, ಅದನ್ನು ಮೊದಲೇ ಬರೆದಿಟ್ಟಿದ್ದರು, ಮುದ್ರಿಸಿಟ್ಟಿದ್ದರು. ಮುಖವೀಣೆಗೆ ಆ ಭಾಗ್ಯವು ಬರಲಿಲ್ಲ.

ಈ ಕೊರತೆಯು ಅನಾಸಕ್ತಿಯಿಂದ ಆದುದಲ್ಲವೆಂಬುದೇ ಹೆಚ್ಚು ಸಂಕಟದ ಸಂಗತಿ. ಈ ಜಿಲ್ಲೆಯು ಜಾನಪದಕ್ಕೆ ಕೊಟ್ಟಷ್ಟು ವಿದ್ವಾಂಸರನ್ನು ಬೇರೆ ಯಾವ ಜಿಲ್ಲೆ ಕೊಟ್ಟಿದೆ? ಮೂಡಲಪಾಯವನ್ನು ಶಿಷ್ಟರ ಗಮನಕ್ಕೆ ತಂದವರಲ್ಲಿ ಮುಖ್ಯರಾದ ಜೀ. ಶಂ. ಪರಮಶಿವಯ್ಯನವರು ನಾಗಮಂಗಲ ತಾಲ್ಲೂಕಿನ ಅಂಬಲಜೀರಹಳ್ಳಿಯವರು. ೧೯೭೯ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿ, ಮುಂದೆ ರಾಮನಗರದ ಬಳಿ ಜಾನಪದ ಲೋಕವನ್ನು ನಿಲ್ಲಿಸಿದ ಎಚ್. ಎಲ್. ನಾಗೇಗೌಡರೂ ಅದೇ ತಾಲ್ಲೂಕಿನವರು. ಇವರ ತಲೆಮಾರಿನವರು ಊರೂರು ಅಲೆದು ಸಂಗ್ರಹಿಸಿರದಿದ್ದರೆ ಇಂದು ಇಷ್ಟಾದರೂ ಉಳಿಯುತ್ತಿರಲಿಲ್ಲ. ಆದರೆ ಆ ಮಹಾಸಂಗ್ರಹಗಳನ್ನು ತೆರೆದು ನೋಡಿದರೆ ಅಲ್ಲಿರುವುದು ಬಹುಮಟ್ಟಿಗೆ ಪಠ್ಯ. ಪದವು ಅಚ್ಚಾಯಿತು, ಪದದ ಧ್ವನಿಯು ಅಚ್ಚಾಗಲಿಲ್ಲ. ಕನ್ನಡದ ವಿದ್ವಾಂಸರು ಸಾಹಿತ್ಯದ ದಾರಿಯಿಂದ ಜಾನಪದಕ್ಕೆ ಬಂದವರಾದುದರಿಂದ ಅವರ ಕಣ್ಣಿಗೆ ಮೊದಲು ಬಿದ್ದುದು ಸಾಹಿತ್ಯ. ಹಂಗೆರಿಯ ಬೇಲಾ ಬಾರ್ಟೋಕ್ ಸ್ವತಃ ಸಂಗೀತಗಾರನಾಗಿದ್ದುದರಿಂದ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿಯೇ ಫೋನೋಗ್ರಾಫನ್ನು ಹೊತ್ತು ತನ್ನ ದೇಶದ ಹಳ್ಳಿಗಳಿಗೆ ಹೋದನು. ಹಾಲೆಂಡಿನ ಆರ್ನಾಲ್ಡ್ ಬಾಕೆಯವರು ೧೯೩೮ರ ಸುಮಾರಿನಲ್ಲಿ ದಕ್ಷಿಣ ಭಾರತದಲ್ಲಿ ಸಂಚರಿಸಿ ಹಳ್ಳಿಯ ಹಾಡುಗಳನ್ನು ಧ್ವನಿಮುದ್ರಿಸಿದರು. ಆಗ ಮುಖವೀಣೆಯು ತನ್ನ ಪೂರ್ಣಬಲದಲ್ಲಿ ಹಳ್ಳಿಹಳ್ಳಿಯಲ್ಲಿಯೂ ನುಡಿಯುತ್ತಿದ್ದಿತು.

ಮಳವಳ್ಳಿಯ ಕಡೆಯ ನೀಲಗಾರರ ಅದೃಷ್ಟವು ಇದಕ್ಕಿಂತ ಉತ್ತಮವಾಯಿತು. ಬೊಪ್ಪೇಗೌಡನಪುರದ ಮಂಟೇಸ್ವಾಮಿಯ ಒಕ್ಕಲಾದ ಅವರ ಕಾವ್ಯವನ್ನು ವಿದ್ವಾಂಸರು ಅಚ್ಚು ಹಾಕಿಸಿದರು. ಅಷ್ಟಕ್ಕೇ ನಿಲ್ಲದೆ, ಮಳವಳ್ಳಿ ಮಹದೇವಸ್ವಾಮಿ ಮೊದಲಾದವರ ಕಂಠದಲ್ಲಿ ಆ ಕಾವ್ಯವು ಧ್ವನಿಸುರುಳಿಗಳಾಗಿ ಸಂತೆಸಂತೆಯಲ್ಲಿಯೂ ಮಾರಾಟವಾಯಿತು. ತಂಬೂರಿಯ ನಾದವೂ, ಗಗ್ಗರದ ತಾಳವೂ, ಹಿಮ್ಮೇಳದವರು ಸೊಲ್ಲನ್ನು ಎತ್ತಿಕೊಳ್ಳುವ ರೀತಿಯೂ ಅದರಲ್ಲಿ ಹಾಗೆಹಾಗೆಯೇ ಉಳಿದುವು. ಅದನ್ನು ಉಳಿಸಿದುದು ಪಂಡಿತರ ಸಭೆಯಲ್ಲ, ಕ್ಯಾಸೆಟ್ಟಿನ ವ್ಯಾಪಾರ! ಆಟವನ್ನು ಅಂತಹ ವ್ಯಾಪಾರಿಗಳೂ ಹೆಚ್ಚಾಗಿ ಮುಟ್ಟಲಿಲ್ಲ. ಒಂದು ರಾತ್ರಿಯೆಲ್ಲ ಆಡುವುದನ್ನು ಒಂದು ಗಂಟೆಯ ಸುರುಳಿಗೆ ಇಳಿಸುವಾಗ ಬಿಡುವುದು ಯಾವುದು, ಉಳಿಸಿಕೊಳ್ಳುವುದು ಯಾವುದು? ಮಾತನ್ನು ಉಳಿಸಿಕೊಂಡರೆ ಕುಣಿತವು ಹೋಗುವುದು. ಕುಣಿತವೇ ಕಾಣದಿರುವಾಗ ಮುಖವೀಣೆಯು ಯಾರ ಉಸಿರನ್ನು ತುಂಬಬೇಕು?

ಈಗ ಮುಖವೀಣೆಯನ್ನು ಬಲ್ಲವರು ವಿರಳರು. ಬಲ್ಲವರಲ್ಲಿ ಬಹುಮಂದಿ ವೃದ್ಧರು. ಕೊಳವೆಯನ್ನು ಕಡೆಯುವ ಬಡಗಿಯು ಇನ್ನೂ ದೊರೆಯಬಹುದು. ದೊರೆಯದಿರುವುದು ಪೀಪಿಯ ಹದ. ಜೊಂಡನ್ನು ಯಾವಾಗ ಕೊಯ್ಯಬೇಕು, ಎಷ್ಟು ಕಾಲ ನೆನೆಯಿಸಬೇಕು, ಎಷ್ಟು ತೆಳ್ಳಗೆ ಕೆರೆಯಬೇಕೆಂಬುದು ಬರೆದಿಟ್ಟ ವಿದ್ಯೆಯಲ್ಲ. ಕೈಯಿಂದ ಕೈಗೆ ಬಂದುದು. ಆದುದರಿಂದ ಆಗಬೇಕಾದ ಕೆಲಸವು ಎರಡು ಬಗೆಯದು: ಪೀಪಿಯನ್ನು ಮಾಡುವುದನ್ನು ನೋಡಿ ಬರೆದಿಡುವುದು, ಇಡಿಯ ಒಂದು ಆಟವನ್ನು ಸಂಜೆಯಿಂದ ಬೆಳಗಿನವರೆಗೆ ಧ್ವನಿಮುದ್ರಿಸುವುದು. ಬಿಡಿ ಪದಗಳನ್ನು ಕೋಣೆಯೊಳಗೆ ಕುಳ್ಳಿರಿಸಿ ಹಾಡಿಸಿ ಹಿಡಿದರೆ ಪ್ರಯೋಜನವಿಲ್ಲ. ಆಯಾಸಗೊಂಡ ವೇಷಧಾರಿಯಿಲ್ಲದ ಕಡೆ ಮುಖವೀಣೆಯವನು ನುಡಿಸುವುದೇ ಬೇರೆ. ಇಂದು ಯಾವ ಹುಡುಗನ ಜೇಬಿನಲ್ಲಿಯಾದರೂ ಧ್ವನಿಮುದ್ರಣದ ಯಂತ್ರವುಂಟು. ಹಣದ ನೆವವನ್ನು ಹೇಳುವಂತಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು. ಧ್ವನಿವರ್ಧಕವನ್ನು ಆ ರಾತ್ರಿ ಆರಿಸಿಬಿಡಬೇಕು. ಯಂತ್ರವನ್ನು ವಾದ್ಯದ ಬಾಯಿಗೆ ಹಿಡಿಯದೆ, ಬಯಲಿನ ಆಚೆಯ ತುದಿಯಲ್ಲಿ, ಕಂಬಳಿ ಹೊದೆದು ಕುಳಿತವರ ಕಡೆಯ ಸಾಲಿನ ಬಳಿ ಇರಿಸಬೇಕು. ಮಕ್ಕಳ ಅಳು, ಬೀಡಿಯ ಕೆಮ್ಮು, ನಾಯಿಯ ಬೊಗಳು ಎಲ್ಲವೂ ಅದರಲ್ಲಿ ಸೇರಿಕೊಳ್ಳಲಿ. ಇವೆಲ್ಲದರ ಮೇಲೆ ತೇಲಿ ಅಲ್ಲಿಗೆ ಬಂದು ಮುಟ್ಟುವ ಧ್ವನಿಯೇ ಮುಖವೀಣೆಯ ಧ್ವನಿ.